ಹವಾ ಮಹಲಿನ ಹಿಂಬದಿ

ಜೈಪುರಕ್ಕೆ ಹೋದವರೆಲ್ಲರ ಮೊಬೈಲಿನಲ್ಲೂ ಹವಾ ಮಹಲಿನ ಒಂದೇ ಫೋಟೊ: ಬೀದಿ ಬದಿಯ ಆ ಗುಲಾಬಿ ಗೋಡೆ. ಅಸಲಿಗೆ ಅದು ಕಟ್ಟಡದ ಹಿಂಬದಿ, ಬಾಗಿಲಿರುವುದು ಆಚೆ ಕಡೆ! 1799ರಲ್ಲಿ ಜೈಪುರದ ರಾಜ ಸವಾಯಿ ಪ್ರತಾಪ್ ಸಿಂಗ್ ಕಟ್ಟಿಸಿದ್ದು. ಐದು ಅಂತಸ್ತು, 953 ಕಿಟಕಿ. ಮೇಲಿನ ಅಂತಸ್ತುಗಳಂತೂ ಒಂದೇ ಕೋಣೆಯಷ್ಟು ತೆಳು.

ರಾಣಿವಾಸದ ಹೆಂಗಸರು ಬೀದಿಯ ಮೆರವಣಿಗೆ ನೋಡಲೆಂದು ಮಾಡಿದ ಏರ್ಪಾಡು ಇದು. ಅವರು ಊರನ್ನೆಲ್ಲ ನೋಡಬಹುದಿತ್ತು, ಊರು ಅವರನ್ನು ನೋಡುವಂತಿರಲಿಲ್ಲ. ಕಿಟಕಿಗಳಿಂದ ತಂಗಾಳಿ ಬರುವಂತೆ ಮಾಡಿದ ಜಾಣ್ಮೆಯನ್ನು ನಾವೆಲ್ಲ ಹೊಗಳುತ್ತೇವೆ. ಈ ಗೋಷಾ ಪದ್ಧತಿಯ ಮಾತು ಬಂದರೆ ಮಾತ್ರ ಯಾಕೋ ತೇಲಿಸಿಬಿಡುತ್ತೇವೆ.

ಹೋದರೆ ಬೀದಿಯಿಂದಲೇ ಕ್ಲಿಕ್ಕಿಸಿ ಹೊರಟುಬಿಡಬೇಡಿ. ಟಿಕೆಟ್ ಕೊಂಡು ಒಳಗೆ ಹೋಗಿ, ಆ ಪುಟ್ಟ ಕಿಂಡಿಯೊಂದರಿಂದ ಬೀದಿಯನ್ನು ನೋಡಿ. ಫೋಟೊ ಬೇಕೇಬೇಕೆಂದರೆ ಬೆಳಿಗ್ಗೆಯೇ ಹೋಗಿ, ಗೋಡೆ ಪೂರ್ವಕ್ಕಿದೆ.