ಅಜ್ಜಯ್ಯನ ಲಾರಿಯ ಜಾಕಿ

ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುವ ಹುಡುಗನು ಕಾಲೇಜಿನ ಸಂಚಿಕೆಗೆ ಬರೆಯುವುದಾದರೆ ಶಾಸನವನ್ನೋ, ಕೋಟೆಯನ್ನೋ, ಹಳೆಯ ನಾಣ್ಯವನ್ನೋ ಕುರಿತು ಬರೆಯಬೇಕೆಂಬುದು ವಾಡಿಕೆ. ನಾನಾದರೋ ಲಾರಿಯ ಜಾಕಿಯೊಂದನ್ನು ಕುರಿತು ಬರೆಯಲು ಹೊರಟಿದ್ದೇನೆ. ಗೆಳೆಯರು ನಕ್ಕರೆ ನಗಲಿ. ತರಗತಿಯಲ್ಲಿ ನಮ್ಮ ಉಪನ್ಯಾಸಕರು ಹೇಳಿಕೊಟ್ಟ ‘ಬಾಹ್ಯ ವಿಮರ್ಶೆ’, ‘ಅಂತರಂಗ ವಿಮರ್ಶೆ’ಗಳು ನನಗೆ ನಿಜವಾಗಿ ಅರ್ಥವಾದದ್ದು ಆ ಜಾಕಿಯ ಮೈಯನ್ನು ಸೀಮೆಎಣ್ಣೆಯಿಂದ ತೊಳೆದ ದಿನ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಮಗ್ಗುಲಲ್ಲಿದೆ. ಅಂಗಳದಾಚೆ ಹೆಂಚಿನ ಮಾಡಿನ ಕೆಳಗೆ ಒಂದು ಲಾರಿ ನಿಂತಿತ್ತು. ಅದನ್ನು ಅಜ್ಜಯ್ಯ ೧೯೫೮ರಲ್ಲಿ ಮೂರನೆಯ ಕೈಯಿಂದ ಕೊಂಡು, ೧೯೭೯ರವರೆಗೆ ಓಡಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾ ದೇಶದ ಫೋರ್ಡ್ ಮತ್ತು ಷೆವ್ರೋಲೆ ಕಾರ್ಖಾನೆಗಳು ಒಂದೇ ಮಾದರಿಯ ಸೈನ್ಯದ ಲಾರಿಗಳನ್ನು ೪ ಲಕ್ಷಕ್ಕೂ ಮಿಕ್ಕಿ ತಯಾರಿಸಿದವು. ಇದು ಅವುಗಳಲ್ಲೊಂದು, ಫೋರ್ಡ್ ಜಾತಿಯದು. ಮೊಂಡುಮೂಗು, ಬಲಗಡೆ ಸ್ಟೇರಿಂಗು, ೯೫ ಅಶ್ವಶಕ್ತಿಯ ವಿ-೮ ಎಂಜಿನ್ನು. ಅದರ ಮುಂದಿನ ಗಾಜಿನ ಮೇಲಂಚು ಮುಂದಕ್ಕೆ ಚಾಚಿಕೊಂಡು, ಕೆಳಅಂಚು ಒಳಕ್ಕೆ ಸರಿದಿತ್ತು. ಬಿಸಿಲು ಬಿದ್ದು ಗಾಜು ಹೊಳೆಯದಿರಲೆಂದು ಹಾಗೆ ಮಾಡಿದ್ದಂತೆ. ಚಿಕ್ಕಂದಿನಲ್ಲಿ ನನಗೆ ಅದನ್ನು ನೋಡಿದಾಗಲೆಲ್ಲ ಹುಬ್ಬುಗಂಟಿಕ್ಕಿದ ಮುದುಕನ ನೆನಪಾಗುತ್ತಿತ್ತು. ಪೆಟ್ರೋಲು ಕುಡಿಯುವುದರಲ್ಲಿ ಆ ಮುದುಕನಿಗೆ ಸಮಾನರಿರಲಿಲ್ಲವೆಂದು ಅಪ್ಪಯ್ಯ ಈಗಲೂ ಹೇಳುತ್ತಾರೆ.

ಲಾರಿ ನಿಂತ ಮೇಲೂ ಪ್ರತಿ ವರ್ಷ ಆಯುಧಪೂಜೆಯಂದು ಅದರ ಜಾಕಿಗೆ ಪೂಜೆ ತಪ್ಪಲಿಲ್ಲ. ಸೀಟಿನ ಪಕ್ಕದ ಮರದ ಪೆಟ್ಟಿಗೆಯಿಂದ ಅದನ್ನು ತೆಗೆದು, ಒರೆಸಿ, ಮಣೆಯ ಮೇಲಿಟ್ಟು, ಅಜ್ಜಯ್ಯ ತಾವೇ ಕುಂಕುಮ ಹಚ್ಚುತ್ತಿದ್ದರು. ಯಾರಾದರೂ ಕೇಳಿದರೆ, “ಇದು ಅಂತಿಂಥ ಜಾಕಿ ಅಲ್ಲ” ಎನ್ನುತ್ತಿದ್ದರು. ಅಷ್ಟೇ. ೨೦೧೧ರಲ್ಲಿ ಅವರು ತೀರಿಕೊಂಡ ಮೇಲೆ ಅಪ್ಪಯ್ಯ ಆ ಮಾತಿಗೆ ಬಾಲ ಸೇರಿಸಿದರು: “ಇದು ಯುದ್ಧದ ಜಾಕಿ. ಲಾರಿಯ ಜೊತೆಗೇ ಹಡಗಿನಲ್ಲಿ ಬಂದದ್ದು.” ನಾವೆಲ್ಲ ಅದನ್ನೇ ನಂಬಿ ಬೆಳೆದೆವು.

೨೦೨೩ರ ದಸರಾ ಕಳೆದ ಮೇಲೆ ಬೆಂಗಳೂರಿನಿಂದ ಹಳೆಯ ವಾಹನಗಳನ್ನು ಸಂಗ್ರಹಿಸುವವರೊಬ್ಬರು ಲಾರಿಯನ್ನು ನೋಡಲು ಬಂದರು. ನೋಡಿದರು, ಕೆಳಗೆ ನುಸುಳಿದರು, ಮೈಯೆಲ್ಲ ಮಣ್ಣು ಮಾಡಿಕೊಂಡು ಹೊರಬಂದರು, ಒಂದು ಬೆಲೆ ಹೇಳಿದರು. ಅನಂತರ ಕೇಳಿದರು: “ಜಾಕಿ, ಸ್ಪ್ಯಾನರು ಏನಾದರೂ ಉಳಿದಿವೆಯೇ? ಲಾರಿಯ ಜೊತೆಗೆ ಬಂದ ಅಸಲಿ ಸಾಮಾನಾದರೆ ೪೦ ಸಾವಿರ ಹೆಚ್ಚಿಗೆ ಕೊಡುತ್ತೇನೆ. ಹದಿನೈದು ದಿನ ಬಿಟ್ಟು ಬರುತ್ತೇನೆ. ನಿಮ್ಮ ಹುಡುಗ ಓದಿದವನು, ಗುರುತುಗಳನ್ನು ನೋಡಿಡಲಿ.”

ಆ ವರ್ಷ ನನ್ನ ತಂಗಿಗೆ ನರ್ಸಿಂಗ್ ಓದಲು ಸೀಟು ಸಿಕ್ಕಿತ್ತು. ಶುಲ್ಕಕ್ಕೆ ಕಡಿಮೆ ಬಿದ್ದ ಮೊತ್ತ ಹೆಚ್ಚುಕಡಿಮೆ ಅಷ್ಟೇ. ಆದುದರಿಂದ ನನ್ನ ಸಂಶೋಧನೆಯ ಫಲಿತಾಂಶ ಏನಾಗಬೇಕೆಂಬುದು ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು.

ಹಳೆಯ ಲಾರಿಗಳಲ್ಲಿ ಎಂಜಿನ್ನು ಉಳಿಯುತ್ತದೆ, ಚಾಸಿ ಉಳಿಯುತ್ತದೆ. ಮೊದಲು ಕಾಣೆಯಾಗುವುದು ಜಾಕಿ ಮತ್ತು ಸಾಮಾನಿನ ಚೀಲ. ಕಾರಣ ಸರಳ. ಎಂಜಿನ್ನನ್ನು ಯಾರೂ ಎರವಲು ಕೇಳುವುದಿಲ್ಲ! ಜಾಕಿಯನ್ನು ಊರೆಲ್ಲ ಕೇಳುತ್ತದೆ. ಆದ್ದರಿಂದಲೇ ಅಸಲಿ ಸಾಮಾನಿಗೆ ಈಗ ಇಷ್ಟು ಬೆಲೆ. ಬೆಲೆ ಬಂದದ್ದರಿಂದಲೇ ಹಳೆಯ ಸ್ಪ್ಯಾನರಿನ ಮೇಲೆ ಹೊಸದಾಗಿ ಗುರುತು ಒತ್ತಿ ಮಾರುವ ಜಾಣರೂ ಹುಟ್ಟಿಕೊಂಡಿದ್ದಾರೆ.

ನಾನು ಮೊದಲು ಗುರುತುಗಳ ಲಿಪಿಯನ್ನು ಕಲಿತೆ. ಫೋರ್ಡ್ ಕಂಪನಿಗೆ ತನ್ನ ವಸ್ತುವಿನ ಮೇಲೆ ಬಹಳ ಮೋಹ. ಯುದ್ಧದಲ್ಲಿ ತಾನು ಕಟ್ಟಿದ ಜೀಪಿನ ಬೋಲ್ಟಿನ ತಲೆಗೂ ‘ಎಫ್’ ಅಕ್ಷರ ಒತ್ತುತ್ತಿತ್ತು. ಅದರ ಬಿಡಿಭಾಗಗಳ ಪಟ್ಟಿಯಲ್ಲಿ ಜಾಕಿಗೆ ೧೭೦೮೦ ಎಂಬ ಮೂಲಸಂಖ್ಯೆ. ಅದರ ಹಿಂದುಮುಂದಿನ ಅಕ್ಷರ ಅಂಕಿಗಳು ಮಾದರಿಯನ್ನೂ ಬದಲಾವಣೆಯನ್ನೂ ತಿಳಿಸುತ್ತವೆ. ಬ್ರಿಟಿಷ್ ಸರ್ಕಾರದ ಸ್ವತ್ತಿಗೆ ಬಾಣದ ಗುರುತು ಇರುತ್ತಿತ್ತು. ನಮ್ಮ ಸೈನ್ಯದ ವಾಹನಗಳ ನಂಬರಿನ ಮುಂದೆ ಇಂದಿಗೂ ಮೇಲ್ಮುಖವಾದ ಬಾಣವಿರುವುದನ್ನು ನೀವು ನೋಡಿರಬಹುದು. ಕೆನಡಾದವರು ಅದೇ ಬಾಣವನ್ನು ‘ಸಿ’ ಅಕ್ಷರದ ಹೊಟ್ಟೆಯೊಳಗಿಟ್ಟು ತಮ್ಮದೆಂದು ತೋರಿಸಿದರು. ಅಚ್ಚಿನಲ್ಲಿಯೇ ಉಬ್ಬಿ ಬಂದ ಅಕ್ಷರವನ್ನು ನಂಬಬಹುದು. ಆಮೇಲೆ ಉಳಿಯಿಂದ ಹೊಡೆದು ತಗ್ಗು ಮಾಡಿದ ಗುರುತನ್ನು ಎರಡು ಸಲ ನೋಡಬೇಕು. ಗುರುತಿನ ತಗ್ಗಿನೊಳಗೂ ಸುತ್ತಲಿನಷ್ಟೇ ಹಳೆಯ ತುಕ್ಕು ಇದೆಯೇ, ಅಥವಾ ಅಲ್ಲಿ ಮಾತ್ರ ಕಬ್ಬಿಣ ಹೊಸದಾಗಿ ಕಾಣುತ್ತದೆಯೇ? ಶಾಸನದಲ್ಲಿ ಮೂಲ ಅಕ್ಷರ ಯಾವುದು, ಆಮೇಲೆ ಸೇರಿಸಿದ್ದು ಯಾವುದು ಎಂದು ನೋಡುವ ಕಣ್ಣೇ ಇಲ್ಲಿಯೂ ಬೇಕು.

ಎರಡನೆಯದು ಅಳತೆ. ಪೆಟ್ಟಿಗೆಯಲ್ಲಿ ಏಳು ಸ್ಪ್ಯಾನರುಗಳಿದ್ದವು. ಅಮೆರಿಕ, ಕೆನಡಾಗಳ ಸ್ಪ್ಯಾನರಿನ ಮೇಲೆ ಬರೆದ ಅಂಗುಲ, ಅದರ ಬಾಯಿಯ ಅಗಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ೧೮೪೧ರಲ್ಲಿ ಹಾಕಿಕೊಟ್ಟ ಪದ್ಧತಿಯಲ್ಲಾದರೆ, ಬರೆದಿರುವುದು ಬೋಲ್ಟಿನ ದಪ್ಪ. ಆದ್ದರಿಂದ ಅರ್ಧ ಅಂಗುಲವೆಂದು ಬರೆದ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ, ಹಳೆಯ ಲೆಕ್ಕದಲ್ಲಿ, ಸುಮಾರು ೦.೯೨ ಅಂಗುಲ! ನಮ್ಮ ಏಳರಲ್ಲಿ ಎರಡಕ್ಕೆ ‘ಡಬ್ಲ್ಯು’ ಗುರುತಿತ್ತು; ಅವು ಯಾವುದೋ ಇಂಗ್ಲಿಷ್ ಗಾಡಿಯವು. ಮೂರಕ್ಕೆ ಮಿಲಿಮೀಟರ್ ಲೆಕ್ಕ. ಅವು ೧೯೫೪ರಿಂದ ಜಮ್‌ಶೆಡ್‌ಪುರದಲ್ಲಿ ತಯಾರಾಗತೊಡಗಿದ ಟಾಟಾ ಮರ್ಸಿಡಿಸ್ ಬೆಂಜ್‌ನಂಥ ಲಾರಿಗಳಿಗೆ ಹೊಂದುವಂಥವು. ಉಳಿದ ಎರಡು ಮಾತ್ರ ನಮ್ಮ ಮುದುಕನ ಬೋಲ್ಟುಗಳಿಗೆ ಸರಿಯಾಗಿ ಕೂತವು. ಆದರೆ ಅವುಗಳ ಮೇಲೆ ಹೆಸರೂ ಇಲ್ಲ, ಬಾಣವೂ ಇಲ್ಲ. ಅಳತೆ ಸರಿಹೋದ ಮಾತ್ರಕ್ಕೆ ಅಸಲಿ ಎನ್ನಲಾಗುವುದಿಲ್ಲ. ಅಳತೆ ತಪ್ಪಿದರೆ ಅಸಲಿಯಲ್ಲ ಎನ್ನಬಹುದು.

ಕೊನೆಗೆ ಜಾಕಿಯ ಸರದಿ. ಗಂಟೆಯಾಕಾರದ ತಳ, ನಡುವೆ ತಿರುಪಿನ ಕಂಬ. ಇಳಿಸಿದಾಗ ಅದು ಚಪ್ಪಟೆಯಾದ ಟೈರಿನ ಲಾರಿಯ ಆಕ್ಸಲ್ಲಿನ ಕೆಳಗೆ ನುಗ್ಗಬೇಕು. ಏರಿಸಿದಾಗ ಗಾಳಿ ತುಂಬಿದ ಚಕ್ರವನ್ನು ಹಾಕುವಷ್ಟು ಎತ್ತಬೇಕು. ಇವೆರಡರಲ್ಲಿಯೂ ಅದು ತೇರ್ಗಡೆಯಾಯಿತು. ಮರದ ಪೆಟ್ಟಿಗೆಯ ಗೂಡಿನಲ್ಲಿಯೂ ಒಂದು ನೂಲು ಹೆಚ್ಚುಕಡಿಮೆಯಿಲ್ಲದೆ ಕೂರುತ್ತಿತ್ತು. ನನಗೆ ಹಿಗ್ಗೋ ಹಿಗ್ಗು. ಆದರೆ ಆ ಪೆಟ್ಟಿಗೆ ಹಲಸಿನ ಮರದ್ದು. ಕೆನಡಾದಲ್ಲಿ ಹಲಸು ಎಲ್ಲಿ ಬೆಳೆಯುತ್ತದೆ? ಜಾಕಿಗೆ ತಕ್ಕಂತೆ ನಮ್ಮೂರಿನ ಆಚಾರಿಯೇ ಗೂಡು ಮಾಡಿದ್ದ. ಸಾಕ್ಷಿಯನ್ನು ಆರೋಪಿಯೇ ಕರೆತಂದಂತಾಯಿತು!

ಸೀಮೆಎಣ್ಣೆ, ತೆಂಗಿನ ನಾರು ಹಿಡಿದು ತಳವನ್ನು ಉಜ್ಜಿದೆ. ವರ್ಷವರ್ಷದ ಕುಂಕುಮ, ಅದರಡಿ ಗ್ರೀಸು, ಅದರಡಿ ಹಸಿರು ಬಣ್ಣ, ಅದರಡಿ ಕೆಂಪು. ಎಲ್ಲದರ ಕೆಳಗೆ ಅಚ್ಚಿನಲ್ಲಿಯೇ ಉಬ್ಬಿದ ಅಕ್ಷರಗಳು: ‘ಮೇಡ್ ಇನ್ ಇಂಡಿಯಾ’. ಪಕ್ಕದಲ್ಲಿ ಅದು ಎತ್ತಬಲ್ಲ ಭಾರ: ‘೫೦೦೦ ಕೆ.ಜಿ.’

ನಾನು ಅಲ್ಲಿಯೇ ಕುಳಿತೆ. ಯುದ್ಧಕಾಲದ ಕೆನಡಾದಲ್ಲಿ ಲೆಕ್ಕವೆಲ್ಲ ಪೌಂಡು, ಟನ್ನುಗಳಲ್ಲಿ. ನಮ್ಮ ದೇಶದಲ್ಲಿ ಸೇರು ಮಣಗಳನ್ನು ಬಿಟ್ಟು ಮೆಟ್ರಿಕ್ ಪದ್ಧತಿ ತರುವ ಕಾನೂನಾದದ್ದು ೧೯೫೬ರಲ್ಲಿ. ಕಿಲೋಗ್ರಾಮಿನ ತೂಕ ಬಳಕೆಗೆ ಬರತೊಡಗಿದ್ದು ೧೯೫೮ರ ಅಕ್ಟೋಬರಿನಲ್ಲಿ. ಈ ಜಾಕಿ ಅನಂತರ ಹುಟ್ಟಿದ್ದು. ಲಾರಿಗಿಂತ ಹದಿನೈದು ವರ್ಷವಾದರೂ ಕಿರಿಯದು.

ಅಡಿಗೆಮನೆಯಲ್ಲಿ ಅಜ್ಜಿ ಒಲೆಯಿಂದ ಹಾಲಿನ ಪಾತ್ರೆ ಇಳಿಸುತ್ತಿದ್ದರು. ಸಪ್ಪೆ ಮುಖದಿಂದ ಬಾಗಿಲಲ್ಲಿ ನಿಂತವನಿಗೆ ಅವರ ಕೈಯ ಇಕ್ಕಳ ಕಣ್ಣಿಗೆ ಬಿತ್ತು. ಹುಟ್ಟಿದಾಗಿನಿಂದ ನೋಡಿದ ಇಕ್ಕಳ. ಆದರೆ ಅಂಗಡಿಯಲ್ಲಿ ಸಿಗುವ ಪಾತ್ರೆ ಹಿಡಿಯುವ ಇಕ್ಕಳದಂತಿರದೆ, ಗಿಡ್ಡ ಮೂಗಿನ, ತಂತಿ ಕತ್ತರಿಸುವ ಇಕ್ಕಳ. ತೊಳೆದು ಬೆಳಕಿಗೆ ಹಿಡಿದೆ. ಮಸಿಯ ಕೆಳಗೆ ‘ಸಿ’. ಅದರ ಹೊಟ್ಟೆಯಲ್ಲಿ ಬಾಣ.

“ಅಜ್ಜಿ, ಇದೆಲ್ಲಿಂದ ಬಂತು?”

“ಲಾರಿ ಪೆಟ್ಟಿಗೇಲಿತ್ತು ಮಗಾ. ಮದುವೆಯಾಗಿ ಬಂದ ವರ್ಷ ನಾನೇ ಎತ್ತಿಟ್ಟುಕೊಂಡೆ. ಏನೀಗ?”

ಆಗ ಜಾಕಿಯ ವಿಷಯ ಹೇಳಿದೆ. ಅಜ್ಜಿ ಸ್ವಲ್ಪವೂ ಆಶ್ಚರ್ಯಪಡಲಿಲ್ಲ.

“ಅದು ಯುದ್ಧದ್ದು ಅಂತ ನಿನ್ನ ಅಜ್ಜಯ್ಯ ಯಾವತ್ತು ಹೇಳಿದ್ರು? ಹೇಳಿದ್ದು ನಿನ್ನ ಅಪ್ಪಯ್ಯ. ನಿನ್ನ ದೊಡ್ಡತ್ತೆ ಹೊಟ್ಟೇಲಿದ್ದಾಗ, ಆಷಾಢದ ಮಳೆ. ಆಗುಂಬೆ ಘಾಟಿ ತಿರುವಿನಲ್ಲಿ ಒಂದು ಬೆಂಜ್ ಗಾಡಿ ಟೈರ್ ಒಡೆದು ಕೂತಿತ್ತಂತೆ. ಅವನ ಹತ್ರ ಜಾಕಿ ಇಲ್ಲ. ಇವರಿಗೆ ನಿಲ್ಲೋ ಹಾಗಿಲ್ಲ. ಲೋಡು ಅಕ್ಕಿ, ಮೇಲೆ ಮಳೆ. ಜಾಕಿ ಕೊಟ್ಟು, ಮನೆ ದಾರಿ ಹೇಳಿ ಬಂದುಬಿಟ್ರು. ಎರಡು ತಿಂಗಳು ಸುದ್ದಿ ಇಲ್ಲ. ನಾನು ಬೈದಿದ್ದೇ ಬೈದಿದ್ದು. ಚೌತಿ ಹತ್ರ ಬಂದಾಗ ಅವನು ಹುಡುಕಿಕೊಂಡು ಬಂದ, ಜಾಕಿ ತಂದ. ಇವರು ತಗೊಂಡು, ಊಟ ಹಾಕಿಸಿ ಕಳಿಸಿದ್ರು. ಅವನು ಹೋದ ಮೇಲೆ ನಾ ನೋಡಿದೆ, ಅದು ನಮ್ಮದಲ್ಲ. ಕೇಳಿದ್ದಕ್ಕೆ, ‘ಅವನಿಗೂ ಗೊತ್ತು, ನನಗೂ ಗೊತ್ತು. ನಮ್ಮದು ಏನಾಯ್ತೋ ಏನೋ, ಕೈಯಿಂದ ದುಡ್ಡು ಹಾಕಿ ಹೊಸದು ತಂದಿದಾನೆ. ಘಟ್ಟ ಹತ್ತಿ ಬಂದವನ ಮುಖ ನೋಡಿ ಇದು ನಂದಲ್ಲ ಅನ್ನಲಾ?’ ಅಂದ್ರು.”

ದೊಡ್ಡತ್ತೆ ಹುಟ್ಟಿದ್ದು ೧೯೬೪ರಲ್ಲಿ. ಜಾಕಿಯ ಮೈಮೇಲಿನ ಸಾಕ್ಷ್ಯವೂ ಅಜ್ಜಿಯ ಬಾಯಿಮಾತೂ ಒಂದಕ್ಕೊಂದು ಕೂಡಿದವು. ‘ಅಂತಿಂಥ ಜಾಕಿ ಅಲ್ಲ’ ಎಂಬ ಮಾತಿನ ಅರ್ಥವೂ ಆಗ ತಿಳಿಯಿತು. ಮೂಲದಲ್ಲಿ ಇಲ್ಲದ ಮಾತನ್ನು ವ್ಯಾಖ್ಯಾನಕಾರರು ಸೇರಿಸಿದ್ದರು.

ಅಪ್ಪಯ್ಯನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. “ಆ ತಳ ಉಜ್ಜದೆ ಇದ್ದಿದ್ರೆ ಏನಾಗ್ತಿತ್ತು? ಮತ್ತೆ ಒಂದು ಕೋಟು ಬಣ್ಣ ಬಳಿ” ಎಂದರು. ಅವರು ಸುಳ್ಳು ಹೇಳುವ ಸ್ವಭಾವದವರಲ್ಲ. ತಂಗಿಯ ಶುಲ್ಕ ಕಟ್ಟುವ ದಿನಾಂಕ ಗೋಡೆಯ ಕ್ಯಾಲೆಂಡರಿನಲ್ಲಿ ಕಾಣುತ್ತಿತ್ತು, ಅಷ್ಟೇ. ನನಗೂ ಬಳಿಯಬೇಕೆಂದು ಅನಿಸದೆ ಇರಲಿಲ್ಲ. ಡಬ್ಬಿಯ ಮುಚ್ಚಳವನ್ನೂ ತೆಗೆದೆ. ಆದರೆ ಆ ಬಣ್ಣ ಬಳಿದರೆ ಅಡಗುವುದು ಕಾರ್ಖಾನೆಯ ಅಕ್ಷರ ಮಾತ್ರವೇ? ಘಟ್ಟ ಹತ್ತಿ ಬಂದ ಆ ಹೆಸರಿಲ್ಲದ ಡ್ರೈವರನೂ, ಅವನಿಗೆ ಊಟ ಹಾಕಿಸಿದ ಅಜ್ಜಯ್ಯನೂ ಅಳಿಸಿಹೋಗುತ್ತಿದ್ದರು. ಮುಚ್ಚಳ ಮುಚ್ಚಿದೆ.

ಗಿರಾಕಿ ಬಂದಾಗ ಏಳು ಸ್ಪ್ಯಾನರು, ಇಕ್ಕಳ, ಜಾಕಿಗಳನ್ನು ಸಾಲಾಗಿಟ್ಟು, ಯಾವುದು ಯಾವುದೆಂದು ಇದ್ದದ್ದು ಇದ್ದಂತೆ ಹೇಳಿದೆ. ಅವರು ಜಾಕಿಯ ತಳವನ್ನು ನೋಡಿ, “ನೀವು ಹೇಳದಿದ್ದರೂ ನನಗೆ ತಿಳಿಯುತ್ತಿತ್ತು” ಎಂದರು. ನಿಜವೋ, ನನ್ನನ್ನು ಹಗುರ ಮಾಡಲು ಹೇಳಿದ್ದೋ ನಾನು ಅರಿಯೆ. ೪೦ ಸಾವಿರ ಸಿಗಲಿಲ್ಲ. ಇಕ್ಕಳಕ್ಕೆ ೩ ಸಾವಿರ ಕೊಟ್ಟರು. ಅಜ್ಜಿ ಅದನ್ನು ಕೊಡುವ ಮುನ್ನ, “ಪಾತ್ರೆ ಇಳಿಸೋಕೆ ಇನ್ನೊಂದು ತಂದುಕೊಟ್ಟು ತಗೊಂಡು ಹೋಗಲಿ” ಎಂದು ಹಟ ಹಿಡಿದರು. ಆ ದೊಡ್ಡ ಮನುಷ್ಯರು ತೀರ್ಥಹಳ್ಳಿಯ ಪೇಟೆಗೆ ಹೋಗಿ ತಂದುಕೊಟ್ಟರು!

ಲಾರಿ ಹೋಯಿತು. ತಂಗಿಯ ಶುಲ್ಕಕ್ಕೆ ಸೊಸೈಟಿಯಲ್ಲಿ ಸಾಲ ಮಾಡಿದೆವು. ಕಂತು ಇನ್ನೂ ಕಟ್ಟುತ್ತಿದ್ದೇವೆ. ಅಪ್ಪಯ್ಯ ನನ್ನೊಡನೆ ನಾಲ್ಕು ದಿನ ಸರಿಯಾಗಿ ಮಾತಾಡಲಿಲ್ಲ. ನಾನು ಮಾಡಿದ್ದು ಸರಿಯೆಂದು ಎದೆಯುಬ್ಬಿಸಿ ಹೇಳಲು ಈಗಲೂ ನನಗೆ ಸಂಕೋಚ. ಆ ಸತ್ಯದ ಬೆಲೆಯನ್ನು ತೆತ್ತವನು ನಾನಲ್ಲ, ಅವರು.

೨೦೨೪ರ ಆಯುಧಪೂಜೆಯಂದು ಬರಿದಾದ ಮಾಡಿನ ಕೆಳಗೆ ಅಪ್ಪಯ್ಯ ತಾವಾಗಿಯೇ ಮಣೆ ಹಾಕಿ, ಜಾಕಿಯನ್ನಿಟ್ಟು ಕುಂಕುಮ ಹಚ್ಚಿದರು. ಅದಾಗಿ ಒಂದು ವಾರಕ್ಕೆ ನೆರೆಮನೆಯವರ ಟ್ರ್ಯಾಕ್ಟರಿನ ಟ್ರೈಲರು ಗದ್ದೆಯ ಅಂಚಿನಲ್ಲಿ ಕುಳಿತುಬಿಟ್ಟಿತು. ಜಾಕಿ ಕೇಳಿಕೊಂಡು ಬಂದರು. ಅಪ್ಪಯ್ಯ ತಾವೇ ಹೊತ್ತು ತಂದು ಅವರ ಕೈಗಿತ್ತರು. ಆತ ಅಂಗಳ ದಾಟುವಷ್ಟರಲ್ಲಿ ಹಿಂದಿನಿಂದ ಕೂಗಿದರು:

“ಮಾರಾಯ, ಇದೇ ಜಾಕಿ ವಾಪಸ್ ತಂದುಕೊಡು. ಹೊಸದು ಬೇಡ!”