ಮನಸ್ಸಿಗೊಂದು ಕೊಳಗ

ಅಕ್ಕಿಯನ್ನು ಸೇರಿನಿಂದಲೂ ಬಟ್ಟೆಯನ್ನು ಗಜದಿಂದಲೂ ಅಳೆದು ಬಾಳಿದ ಜನ ನಾವು. ಈಗ ಮನಸ್ಸನ್ನೂ ಅಳೆಯುತ್ತಾರೆ. ಅದಕ್ಕೆ ಬಳಸುವ ಕೊಳಗವೆಂದರೆ ಪ್ರಶ್ನಾವಳಿ. ಪಿಎಚ್‌ಕ್ಯೂ-9 ಎಂಬ ಒಂದನ್ನೇ ನೋಡಿ. ಕಳೆದ ಎರಡು ವಾರಗಳಲ್ಲಿ ಬೇಸರ, ನಿದ್ರಾಭಂಗ, ನಿರುತ್ಸಾಹ ಮೊದಲಾದುವು ಎಷ್ಟು ದಿನ ಕಾಡಿದುವೆಂದು 9 ಬಾರಿ ಕೇಳುತ್ತದೆ. ಪ್ರತಿಯೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ, ಒಟ್ಟು 27. ನಮ್ಮ ಕಾಲೇಜಿನ ಪರೀಕ್ಷೆಗೂ ಇದಕ್ಕೂ ಒಂದು ವ್ಯತ್ಯಾಸವುಂಟು: ಇಲ್ಲಿ ಅಂಕ ಏರಿದಷ್ಟೂ ಸಂಕಟ ಹೆಚ್ಚು.

ಕನ್ನಡ ಮೇಷ್ಟರಾದ ನನಗೆ ಅಂಕಕ್ಕಿಂತ ಪ್ರಶ್ನೆಯ ಮಾತಿನ ಮೇಲೆಯೇ ಕಣ್ಣು. 'ಹೊಟ್ಟೆ ಉರಿಯಿತು' ಎಂದು ನಾವು ಹೇಳಿದರೆ, ನಮ್ಮ ನುಡಿಗಟ್ಟನ್ನರಿಯದ ವೈದ್ಯ ಪಿತ್ತಶಮನದ ಮದ್ದು ಕೊಟ್ಟಾನು! ಬಾಯಿಂದಾಡುವ ಭಾಷೆಗಳ ನಡುವೆಯೇ ಹೀಗಾದರೆ, ಕೈ, ಕಣ್ಣು, ಮುಖಗಳಿಂದ ಮಾತನಾಡುವವರ ಪಾಡೇನು?

ನನ್ನ ಅಕ್ಕನ ಮಗ ಹುಟ್ಟುಕಿವುಡ. ಇಪ್ಪತ್ತರ ಹರೆಯ. ಹೋದ ವರ್ಷ ಅನ್ನ ನಿದ್ರೆಗಳನ್ನು ತೊರೆದು ಮೂಲೆ ಹಿಡಿದ. ಅಕ್ಕನೊಡನೆ ನಾನೂ ಅವನನ್ನು ವೈದ್ಯರಲ್ಲಿಗೆ ಕರೆದೊಯ್ದೆ. ಪ್ರಶ್ನೆಗಳಿಗೆಲ್ಲ ಅಕ್ಕನೇ ಉತ್ತರವಿತ್ತಳು. "ಇವನಿಗೇನು ಕಡಿಮೆ ಮಾಡಿದ್ದೇವೆ, ಡಾಕ್ಟರೆ? ಕೊರಗುವಂಥದ್ದು ಏನೂ ಇಲ್ಲ." ಹುಡುಗ ನಮ್ಮ ತುಟಿಗಳನ್ನು ಸರದಿಯಂತೆ ನೋಡುತ್ತಿದ್ದ. ಕಡೆಗೆ ಅವನ ಕೈಗೆ ಅಚ್ಚಾದ ಪ್ರಶ್ನಾವಳಿಯನ್ನು ಕೊಟ್ಟರು. ಪ್ರತಿ ಸಾಲಿನಲ್ಲೂ ಮೊದಲ ಚೌಕಕ್ಕೇ ಗುರುತು ಹಾಕಿ ಹಿಂದಿರುಗಿಸಿದ. ಲೆಕ್ಕದ ಪ್ರಕಾರ ಸೊನ್ನೆ, ಎಂದರೆ ಪರಮಸುಖಿ!

ಓದು ಕಲಿತವನಲ್ಲವೆ ಎಂದು ನೀವು ಕೇಳಬಹುದು. ಕಿವಿಗೆ ಎಂದೂ ಬೀಳದ ಭಾಷೆಯ ಬರೆಹ ಅವನಿಗೆ ಪರಭಾಷೆಯೇ ಸರಿ. ಕೆಲವು ದಿನಗಳ ಮೇಲೆ ಅವನ ಶಾಲೆಯ ಗೆಳೆಯನೊಬ್ಬ ಬಂದ; ಅವನೂ ಕಿವುಡನೆ. ಎರಡು ಗಂಟೆಗಳ ಕಾಲ ಇಬ್ಬರ ಕೈಗಳೂ ಮಾತನಾಡಿದವು. ಕೊನೆಗೆ ನಮ್ಮ ಹುಡುಗ ಅತ್ತುಬಿಟ್ಟ. ಗೆಳೆಯ ಚೀಟಿಯಲ್ಲಿ ಬರೆದು ತೋರಿಸಿದ: 'ಮನೆಯಲ್ಲಿ ಎಲ್ಲರೂ ನಗುತ್ತಾರೆ. ಏಕೆಂದು ಇವನಿಗೆ ಹೇಳುವುದಿಲ್ಲ.' ಅಕ್ಕ ಆ ಚೀಟಿಯನ್ನು ಬಹಳ ಹೊತ್ತು ಹಿಡಿದು ಕುಳಿತಿದ್ದಳು.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು ಈ ತೊಡಕಿಗೇ ಕೈಹಾಕಿದರು. ಅವರಲ್ಲಿ ಕಿವುಡರೂ ಉಂಟು. ಪಿಎಚ್‌ಕ್ಯೂ-9ನ್ನು ಬ್ರಿಟಿಷ್ ಸಂಜ್ಞಾಭಾಷೆಗೆ ತಂದು, ಅದು ನಂಬಲರ್ಹವೆ ಎಂದು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ರೋಗವನ್ನು ಬಿಟ್ಟು ನೆಮ್ಮದಿಯನ್ನೇ ಅಳೆಯುವ, 7 ಹೇಳಿಕೆಗಳ ವಾರ್ವಿಕ್-ಎಡಿನ್‌ಬರೋ ಕಿರು ಮಾಪಕಕ್ಕೂ 2018ರಲ್ಲಿ ಅದೇ ಸಂಸ್ಕಾರವಾಯಿತು. ಅಚ್ಚಿನ ಸಾಲುಗಳ ಸ್ಥಾನದಲ್ಲಿ ಸನ್ನೆಯ ವೀಡಿಯೊ ಬಂದಿತು.

ಈ ಅನುವಾದ ಸುಲಭದ್ದಲ್ಲ. ಸಂಜ್ಞಾಭಾಷೆಯಲ್ಲಿ ಮುಖವೂ ವ್ಯಾಕರಣದ ಅಂಗ. ಹೌದು-ಇಲ್ಲವೆಂಬ ಉತ್ತರ ಬೇಡುವ ಪ್ರಶ್ನೆಗೆ ಹುಬ್ಬು ಮೇಲೇರಬೇಕು. 'ದುಃಖ'ವೆನ್ನುವಾಗ ಮುಖವೂ ಬಾಡುತ್ತದೆ. ಕೇಳುವವರ ಮುಖವೇ ಉತ್ತರವನ್ನು ಸೂಚಿಸಿಬಿಟ್ಟರೆ ಅಳತೆ ಕೆಟ್ಟಿತು. ಆದ್ದರಿಂದ ಸನ್ನೆಗೆ ತಂದುದನ್ನು ಮತ್ತೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ, ಮೂಲದೊಡನೆ ಹೋಲಿಸಿ ತಿದ್ದಬೇಕು.

ಆದರೆ ಬ್ರಿಟಿಷರ ಆ ಕೊಳಗ ನಮ್ಮ ಹುಡುಗನಿಗೆ ಒದಗದು. ಸಂಜ್ಞಾಭಾಷೆ ಲೋಕಕ್ಕೆಲ್ಲ ಒಂದೇ ಎಂಬುದು ಭ್ರಮೆ. ಭಾರತೀಯ ಸಂಜ್ಞಾಭಾಷೆಗೆ ತನ್ನದೇ ಆದ ಶಬ್ದಸಂಪತ್ತೂ ವ್ಯಾಕರಣವೂ ಇವೆ. ಅದಕ್ಕೆಂದು 2015ರಲ್ಲಿ ದೆಹಲಿಯಲ್ಲಿ ಸಂಶೋಧನ-ತರಬೇತಿ ಕೇಂದ್ರ ಹುಟ್ಟಿತು. 2018ರಲ್ಲಿ 3000 ಪದಗಳ ನಿಘಂಟು ಹೊರಬಂದಿತು. ಅಂಥ ನೆಲೆಯ ಮೇಲೆ ನಮ್ಮವರ ಮನಸ್ಸನ್ನು ನಮ್ಮವರ ಸನ್ನೆಯಲ್ಲೇ ಕೇಳುವ ಮಾಪಕಗಳು ನಿಲ್ಲಬೇಕು. ಇಲ್ಲವಾದರೆ ನಾವು ಅಳೆಯುವುದು ಅವರ ಓದುಬರೆಹವನ್ನೇ ಹೊರತು ಮನಸ್ಸನ್ನಲ್ಲ.

ಅದು ತಜ್ಞರ ಕೆಲಸ. ಮನೆಯವರು ಮಾಡಬಹುದಾದುದೂ ಒಂದಿದೆ. ನಿಮ್ಮ ಮನೆಯಲ್ಲಿ ಅಂಥ ಮಗುವಿದ್ದರೆ ಅದರ ಭಾಷೆಯ ನಾಲ್ಕು ಸನ್ನೆಗಳನ್ನಾದರೂ ಕಲಿಯಿರಿ. ಊಟದ ಪಂಕ್ತಿಯಲ್ಲಿ ಎಲ್ಲರೂ ನಕ್ಕಾಗ, ಏಕೆ ನಕ್ಕೆವೆಂದು ಅದಕ್ಕೂ ಹೇಳಿ.