ಪಿಸ್ಟನ್ ಪುರಾಣ

ಲೆಕ್ಕ ಬರೆಯುವವನಿಗೂ ಪಿಸ್ಟನ್ನಿಗೂ ಏನು ನಂಟು ಎಂದು ನೀವು ಕೇಳಬಹುದು. ಬಿಲ್ಲು ನನ್ನ ಹೆಸರಿಗೆ ಬಂದ ದಿನ ನಂಟು ಶುರುವಾಯಿತು.

ಮಗ ಎರಡು ಬೇಸಿಗೆ ದುಡಿದು ಒಂದು 2002ರ ಮಸ್ಟಾಂಗ್ ಜಿಟಿ ಕೊಂಡ. ಇಟಾಸ್ಕಾದ ನಮ್ಮ ಗರಾಜಿನೊಳಗೆ ಅದು ಬಂದು, ನನ್ನ ಕಾರು ಹೊರಗೆ ಹಿಮದಲ್ಲಿ ನಿಂತಿತು. ಆರು ತಿಂಗಳಾಗಿರಲಿಲ್ಲ, "ಅಪ್ಪ, ಇದಕ್ಕೆ ಸೂಪರ್‌ಚಾರ್ಜರ್ ಹಾಕ್ಬೇಕು. ಅರ್ಧ ದುಡ್ಡು ನೀನು ಕೊಡ್ತೀಯಾ?" ಎಂದ. ಸೂಪರ್‌ಚಾರ್ಜರಿಗೆ ಎಷ್ಟು ಎಂದು ಕೇಳಿದರೆ, ಅದಕ್ಕಿಂತ ಮೊದಲು ಪಿಸ್ಟನ್ ಬದಲಿಸಬೇಕು ಎಂದ.

ಕಾರಣ ಅವನಿಂದಲೇ ಕೇಳಿ ತಿಳಿದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಚದರ ಇಂಚಿಗೆ 14.7 ಪೌಂಡ್. ಅದರ ಮೇಲೆ ಇನ್ನೂ 8 ಪೌಂಡ್ ತುರುಕಿದರೆ ಎಂಜಿನ್ ಸುಮಾರು ಒಂದೂವರೆ ಪಟ್ಟು ಗಾಳಿ ನುಂಗುತ್ತದೆ, ಅದಕ್ಕೆ ತಕ್ಕಷ್ಟು ಪೆಟ್ರೋಲೂ ಉರಿಯುತ್ತದೆ. ಆ ಶಾಖ, ಆ ಪೆಟ್ಟು ಎಲ್ಲ ಪಿಸ್ಟನ್ನಿನ ತಲೆಯ ಮೇಲೆ. ಜಿಟಿಯ 260 ಅಶ್ವಶಕ್ತಿಗೆ ಎರಕದ ಪಿಸ್ಟನ್ ಸಾಕಾಗಿತ್ತು. ಅದೇ 4.6 ಲೀಟರಿನ ಎಂಜಿನ್ನಿನ ದೊಡ್ಡ ತಮ್ಮನಿಗೆ, ಅಂದರೆ 2003ರ ಕೋಬ್ರಾಕ್ಕೆ, ಫೋರ್ಡ್‌ನವರೇ ಸೂಪರ್‌ಚಾರ್ಜರ್ ಕೂರಿಸಿ 390 ಅಶ್ವಶಕ್ತಿ ತೆಗೆದಾಗ ಫೋರ್ಜ್ ಮಾಡಿದ ಪಿಸ್ಟನ್ ಹಾಕಿದರು. ಕಂಪನಿಯ ಲೆಕ್ಕದವರು ಸುಮ್ಮನೆ ಹೆಚ್ಚಿನ ಖರ್ಚಿಗೆ ಸಹಿ ಹಾಕುವವರಲ್ಲ ಎಂದು ನನಗೆ ಗೊತ್ತು.

ಆಗಸ್ಟಿನಲ್ಲಿ ಡೆಟ್ರಾಯ್ಟಿನ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ಕಾರುಗಳ ಜಾತ್ರೆ. ಐದು ಗಂಟೆ ಡ್ರೈವ್ ಮಾಡಿ ಇಬ್ಬರೂ ಹೋದೆವು. ಮಾರನೆಯ ದಿನ ಊರಾಚೆಯ ಒಂದು ಮೆಷಿನ್ ಶಾಪಿನಲ್ಲಿ ಹಿರಿಯರೊಬ್ಬರು ಬೆಂಚಿನ ಮೇಲೆ ಮೂರು ಪಿಸ್ಟನ್ ಇಟ್ಟರು. ಮೂರೂ ಅಲ್ಯುಮಿನಿಯಂ, ವ್ಯತ್ಯಾಸವೆಲ್ಲ ಒಳಗಿನ ಸಿಲಿಕಾನಿನಲ್ಲಿ. ಮೊದಲನೆಯದು ಹೈಪರ್‌ಯುಟೆಕ್ಟಿಕ್ ಎರಕ, ಸಿಲಿಕಾನ್ ಶೇಕಡಾ 16ರಿಂದ 18. ಗಟ್ಟಿ, ಸವೆಯದು, ಬಿಸಿಗೆ ಹೆಚ್ಚು ಹಿಗ್ಗದು. ಆದರೆ ಪೆಟ್ಟು ಬಿದ್ದರೆ ಗಾಜಿನ ಹಾಗೆ ಒಡೆಯುತ್ತದೆ. ಎರಡನೆಯದು 4032 ಎಂಬ ಮಿಶ್ರಲೋಹ, ಫೋರ್ಜ್ ಮಾಡಿದ್ದು, ಸಿಲಿಕಾನ್ ಸುಮಾರು 12. ಮೂರನೆಯದು 2618. ಅದೂ ಫೋರ್ಜ್ ಮಾಡಿದ್ದೇ, ಆದರೆ ಸಿಲಿಕಾನ್ ಹೆಸರಿಗಷ್ಟೇ. ನಾಕಿಂಗ್ ಹೊಡೆತ ಬಿದ್ದಾಗ ಅದು ಚೂರಾಗುವ ಮೊದಲು ಒಂದಿಷ್ಟು ಬಾಗಿ ತಡೆದುಕೊಳ್ಳುತ್ತದೆ. ಆದರೆ ಬಿಸಿಗೆ ಹೆಚ್ಚು ಹಿಗ್ಗುವುದರಿಂದ ಸಿಲಿಂಡರಿನ ಗೋಡೆಗೂ ಅದಕ್ಕೂ ನಡುವೆ ಹೆಚ್ಚು ಸಂದು ಬಿಡಬೇಕು. ತಣ್ಣಗಿರುವಾಗ ಟಕಟಕ ಬಡಿಯುತ್ತದೆ. ಬೇಗ ಸವೆಯುತ್ತದೆ ಕೂಡ.

ನನ್ನ ತೀರ್ಪು ಕೂಡಲೇ ಸಿದ್ಧವಾಯಿತು: 4032. ದಿನಾ ಕಾಲೇಜಿಗೆ ಹೋಗುವ ಕಾರು, ಶಿಕಾಗೋದ ಜನವರಿ, ಒತ್ತಡ 8 ಪೌಂಡ್ ದಾಟುವುದಿಲ್ಲ ಎಂಬ ಮಾತು. ಸದ್ದಿಲ್ಲ, ಬಾಳಿಕೆಯೂ ಹೆಚ್ಚು. "ಎಲ್ಲ ಸರಿಯಾಗಿ ಟ್ಯೂನ್ ಆಗಿದ್ದರೆ ಅದೇ ಸರಿ," ಎಂದರು ಆ ಹಿರಿಯರು. ಆಮೇಲೆ ಮಗನ ಕಡೆ ನೋಡಿ, "ಓಡಿಸೋದು ಯಾರು?" ಎಂದು ಕೇಳಿದರು.

ವಾಪಸು ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನನಗೂ ಹದಿನೇಳಾಗಿದ್ದಾಗ ಅಪ್ಪನ ಯೆಜ್ಡಿ ಸಿಕ್ಕಿತ್ತು. ನಮ್ಮ ಮೈಸೂರಿನ ಐಡಿಯಲ್ ಜಾವಾದಲ್ಲೇ ತಯಾರಾದ ಟೂ ಸ್ಟ್ರೋಕ್ ಗಾಡಿ, ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕು. ಒಂದು ಭಾನುವಾರ ಆಯಿಲ್ಲಿಗೆಂದು ಕೊಟ್ಟ ದುಡ್ಡಿನಲ್ಲಿ ಗೆಳೆಯನ ಜೊತೆ ಮಸಾಲೆ ದೋಸೆ ತಿಂದು, ಬರೀ ಪೆಟ್ರೋಲ್ ಹಾಕಿಸಿ ನಂಜನಗೂಡಿಗೆ ಹೊರಟೆ. ಕಡಕೊಳದ ಹತ್ತಿರ ಎಂಜಿನ್ ಸೀಜ್ ಆಗಿ ಹಿಂದಿನ ಚಕ್ರ ಕಟ್ಟಿಕೊಂಡಿತು. ಬದುಕಿದ್ದೇ ಹೆಚ್ಚು. ಮೆಕ್ಯಾನಿಕ್ ಬಿಚ್ಚಿದ ಪಿಸ್ಟನ್ನಿನ ಮೈಯೆಲ್ಲ ಗೀರು. ಅಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಆಯಿಲ್ ಹಾಕ್ಸಿದ್ದೆ ತಾನೇ?" ಎಂದರು. "ಹೂಂ" ಎಂದೆ. ಇನ್ನೊಂದು ಮಾತಾಡದೆ ಬೋರ್ ಮಾಡಿಸಿ, ಹೊಸ ಓವರ್‌ಸೈಜ್ ಪಿಸ್ಟನ್ ಹಾಕಿಸಿ, ಬೀಗದಕೈ ಮತ್ತೆ ನನ್ನ ಕೈಗೇ ಕೊಟ್ಟರು. ಆ ತಿಂಗಳ ಸಂಬಳದಲ್ಲಿ ಅದಕ್ಕೆ ಎಷ್ಟು ಹೋಯಿತೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಮನೆ ತಲುಪುವಷ್ಟರಲ್ಲಿ ತೀರ್ಪು ಬದಲಾಗಿತ್ತು. ನಾನು ಹಾಕಿದ್ದು ಎಲ್ಲರೂ ಸರಿಯಾಗಿ ನಡೆದುಕೊಂಡಾಗಿನ ಲೆಕ್ಕ. ನಮ್ಮ ವೃತ್ತಿಯಲ್ಲಿ ಬರಬಹುದಾದ ನಷ್ಟಕ್ಕೆಂದು ಮೊದಲೇ ಒಂದಿಷ್ಟು ತೆಗೆದಿಡುತ್ತೇವೆ. ಹದಿನೆಂಟರ ಹುಡುಗನ ಎಂಜಿನ್ನಿಗೆ ಅದನ್ನೇ ಮರೆತಿದ್ದೆ. 2618ಕ್ಕೆ ಆರ್ಡರ್ ಕೊಟ್ಟೆವು. ಪಿಸ್ಟನ್ ಎಂಥದ್ದಾದರೂ ಸತತ ನಾಕಿಂಗ್ ತಾಳಲಾರದು ಎಂದು ಅವನಿಗೆ ನೂರು ಸಲ ಹೇಳಿದ್ದೇನೆ.

ಈಗ ಚಳಿಯ ಬೆಳಿಗ್ಗೆ ಅವನು ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಗರಾಜೆಲ್ಲ ಟಕಟಕ. ಮೊನ್ನೆ ಅಪ್ಪನ ಹತ್ತಿರ ವಿಡಿಯೋ ಕಾಲಿನಲ್ಲಿದ್ದಾಗಲೇ ಅದು ಕೇಳಿಸಿತು.

"ಏನೋ ಅದು ಸದ್ದು? ಪಿಸ್ಟನ್ ಸಡಿಲ ಇದೆ ಕಣೋ."

"ಬೇಕಂತಲೇ ಸಡಿಲ ಬಿಟ್ಟಿದೀವಪ್ಪ. ಬಿಸಿಯಾದ್ಮೇಲೆ ಹಿಗ್ಗಿ ಸರಿಹೋಗತ್ತೆ."

"ಹುಡುಗ ಆಯಿಲ್ ಎಲ್ಲ ಸರಿಯಾಗಿ ನೋಡ್ಕೋತಾನೆ ತಾನೇ?"

"ಹೂಂ, ನೋಡ್ಕೋತಾನೆ."

ಅಪ್ಪ ನಕ್ಕರು. "ನೀನೂ ಹೂಂ ಅಂದಿದ್ದೆ."